ಫೋಟೋ ಸ್ಟುಡಿಯೋದ ಡಿಸ್ಕ್ ಪರೀಕ್ಷಕ
ಸುರಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಶಿವಶರಣನಿಗೆ, ಲಿನಕ್ಸ್ ಕಂಪ್ಯೂಟರಿನ ಡಿಸ್ಕಿನಲ್ಲಿ ಫೈಲುಗಳನ್ನು ಒಪ್ಪವಾಗಿ ಇಡುವ ಹೊಸ ತಂತ್ರಾಂಶ ಬಂದಿತೆಂದರೆ ಕೂಸು ನೋಡಲು ಹೋಗುವಷ್ಟು ಸಂಭ್ರಮ. ‘ಇದಿನ್ನೂ ಪ್ರಾಯೋಗಿಕ, ನಿಮ್ಮ ಫೈಲುಗಳಿಗೆ ನೀವೇ ಹೊಣೆ’ ಎಂಬ ಎಚ್ಚರಿಕೆ ಕಂಡರಂತೂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಬಾಚಿದ ತಲೆಯನ್ನೇ ಮತ್ತೆ ಬಾಚುತ್ತ ಕಾಯುತ್ತಾರೆ. “ಒಂದೀಟು ತಡೀರಿ, ಡಿಸ್ಕ್ ಇನ್ನೂ ಎದ್ದಿಲ್ಲ” ಎನ್ನುತ್ತಾನೆ. ಹೊಸ ಜೋಳ ಬಂದಾಗ ಮೊದಲು ಒಂದು ರೊಟ್ಟಿ ಬಡಿದು ನೋಡುವಂತೆ, ಯಾವ ತಂತ್ರಾಂಶ ಮೇಲೆಂದು ತೂಗಲು ಒಂದೊಂದಕ್ಕೂ ಒಂದಿಷ್ಟು ಫೋಟೋ ಉಣಿಸಿ ನೋಡುತ್ತಾನೆ. ಊರವರ ಫೋಟೋಗಳನ್ನು ಮುಟ್ಟುವುದಿಲ್ಲ; ಉಣಿಸುವುದು ತನ್ನ ಮದುವೆಯ ಫೋಟೋಗಳನ್ನು. “ಮಂದಿ ಮುತ್ಯಾನ ಫೋಟೋ ಹೋದ್ರ ಮುತ್ಯಾನ್ನ ಎಲ್ಲಿಂದ ತರ್ಲಿ?” ಎಂಬುದು ತೀರಿಹೋದ ಅಜ್ಜಂದಿರ ಫೋಟೋಗಳ ಬಗ್ಗೆ ಅವನ ವಾದ. ತನ್ನವಕ್ಕೆ ಇನ್ನೊಂದು ಪ್ರತಿಯನ್ನೂ ಇಡುವುದಿಲ್ಲ. “ಕಾಪಿ ಇಟ್ರ ಕೈ ಹುಷಾರಿರಂಗಿಲ್ಲ” ಅನ್ನುತ್ತಾನೆ. ಹೋದ ತಿಂಗಳ ತಂತ್ರಾಂಶ ಉಂಡದ್ದನ್ನು ತಿರುಗಿ ಕೊಡಲಿಲ್ಲ. ಮದುವೆಯ ಒಂದು ಚಿತ್ರವೂ ಉಳಿಯಲಿಲ್ಲ. ಚಹಾ ತಂದ ಹೆಂಡತಿ ಸರಿತಾ ಖಾಲಿ ಪರದೆಯನ್ನೂ ಅವನ ಮುಖವನ್ನೂ ನೋಡಿ, ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತು ಸೆರಗು ಸರಿಪಡಿಸಿಕೊಂಡಳು. “ನಾನೂ ಅದೀನಿ, ನೀವೂ ಅದೀರಿ. ಇನ್ನೊಂದು ತೆಗೀರಿ.” ತೆಗೆದ. ಹೊಸ ತಂತ್ರಾಂಶಗಳು ಈಗಲೂ ಬರುತ್ತವೆ, ಅವನ ಕುರ್ಚಿ ಈಗಲೂ ಮುಂದಕ್ಕೆ ಸರಿಯುತ್ತದೆ. ಆ ಫೋಟೋವನ್ನು ಮಾತ್ರ ಅವನು ಊರವರ ಫೋಟೋಗಳ ಜೊತೆ ಇಟ್ಟಿದ್ದಾನೆ.