ಬಸಿದ ನೀರು

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಹಳೆಯದು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕಾಲು ಊದಿಕೊಳ್ಳತೊಡಗಿತು. ವಯಸ್ಸಾಯಿತಲ್ಲ ಎಂದುಕೊಂಡು ಎಣ್ಣೆ ನೀವುತ್ತಾ ಕೂತೆವು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಆಮೇಲೆ ವಾರಕ್ಕೆ ಮೂರು ದಿನ ಕೆ.ಆರ್. ಪುರದ ಮನೆಯಿಂದ ಶಿವಾಜಿನಗರಕ್ಕೆ ಡಯಾಲಿಸಿಸ್‌ಗೆ ಓಡಾಡುವುದೇ ನಮ್ಮ ಬದುಕಾಯಿತು. ಕುಡಿಯುವ ನೀರಿಗೂ ಲೆಕ್ಕ, ದಿನಕ್ಕೆ ಎರಡೇ ಲೋಟ.

ಅಲ್ಲಿ ಪಥ್ಯ ಹೇಳುವ ಹುಡುಗಿಗೆ ನನ್ನ ಮಗಳ ವಯಸ್ಸು. "ಆಂಟಿ, ಸೊಪ್ಪು ತರಕಾರಿ ಏನೇ ಇದ್ರೂ ಬೇಯಿಸಿ, ನೀರು ಬಸಿದು ಕೊಡಿ. ಪೊಟ್ಯಾಸಿಯಂ ಜಾಸ್ತಿಯಾದ್ರೆ ಹಾರ್ಟ್ ತಡ್ಕೊಳಲ್ಲ" ಅಂದಳು.

"ಮಂಡ್ಯದವಳಿಗೆ ಬಸಿಯೋದು ಹೇಳ್ಕೊಡ್ತೀಯೇನಮ್ಮ?" ಎಂದು ಎದ್ದು ಬಂದೆ. ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ನನಗೆ ಎಂದೂ ಇರಲಿಲ್ಲ.

ಒಂದು ಶನಿವಾರ ಅವರು ಯಂತ್ರದ ಪಕ್ಕ ಮಲಗಿದ್ದಾಗ ರಸೆಲ್ ಮಾರುಕಟ್ಟೆಗೆ ಹೋಗಿ ಎಳೆಯ ದಂಟಿನ ಸೊಪ್ಪು ತಂದೆ. ಮರುದಿನ ಬೇಳೆಯ ಜೊತೆ ಬೇಯಿಸಿ, ಬಸಿದು, ಪಲ್ಯ ಮಾಡಿದೆ. ಪಾತ್ರೆಯಲ್ಲಿ ಬಸಿದ ನೀರು, ನಮ್ಮ ಕಡೆಯ ಮಾತಿನಲ್ಲಿ ಕಟ್ಟು, ಉಳಿಯಿತು. ಅದನ್ನು ಚೆಲ್ಲುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಸತ್ವವೆಲ್ಲ ಕಟ್ಟಿನಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ತಿಂಗಳುಗಟ್ಟಲೆ ಸಪ್ಪೆ ತಿಂದು ಅವರು ಸೊರಗಿದ್ದರು, ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಆ ಕಟ್ಟಿಗೇ ಉಪ್ಪು ಕಡಿಮೆ ಹಾಕಿ, ಖಾರ ಅರೆದು, ಬಸ್ಸಾರು ಮಾಡಿ ಅನ್ನಕ್ಕೆ ಬಡಿಸಿದೆ.

ಸೋಮವಾರ ಬೆಳಿಗ್ಗೆ ಅವರಿಗೆ ಹಾಸಿಗೆಯಿಂದ ಏಳಲು ಆಗಲಿಲ್ಲ, ಕೈಕಾಲಲ್ಲಿ ಬಲವೇ ಇರಲಿಲ್ಲ. ಮಗಳಿಗೆ ಫೋನ್ ಮಾಡಿ ಕರೆಸಿಕೊಂಡು, ಹತ್ತಿರದ ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ದೆವು. ಡಾಕ್ಟರು ಏನು ತಿಂದರೆಂದು ಕೇಳಿದರು.

"ಸೊಪ್ಪು. ನೀರು ಬಸಿದೇ ಕೊಟ್ಟಿದ್ದೀನಿ" ಅಂದೆ.

"ಆ ನೀರು ಏನ್ಮಾಡಿದ್ರಿ?"

"ಸಾರು ಮಾಡ್ದೆ."

"ಪೊಟ್ಯಾಸಿಯಂ ಆ ನೀರಿಗೇ ಇಳಿದಿರುತ್ತಮ್ಮ. ಅದನ್ನ ಚೆಲ್ಲೋಕೇ ಬಸಿಯೋದು."

ನನ್ನ ಗಂಡ ಮಲಗಿದಲ್ಲಿಂದಲೇ ಮೆಲ್ಲಗೆ ಹೇಳಿದರು: "ಅವಳ್ನ ಏನೂ ಅನ್ಬೇಡಿ ಡಾಕ್ಟ್ರೇ. ಬೇಡ ಅಂದ್ರೂ ನಾನೇ ಹಠ ಮಾಡಿ ಮಾಡಿಸ್ಕೊಂಡೆ."

ಡಯಾಲಿಸಿಸ್‌ಗೆ ಅಣಿಮಾಡುತ್ತಿರುವಾಗಲೇ ಹೃದಯ ನಿಂತುಹೋಯಿತು. ಏನೇನೋ ಮಾಡಿದರು, ಮತ್ತೆ ಬಡಿಯಲಿಲ್ಲ.

ಬಾಯಿಚಪಲಕ್ಕೆ ಪ್ರಾಣ ಕೊಟ್ಟರು ಎಂದು ನೆಂಟರು ಈಗಲೂ ಮಾತಾಡಿಕೊಳ್ಳುತ್ತಾರೆ. ಮಗಳೂ ಹಾಗೆಯೇ ನಂಬಿದ್ದಾಳೆ. ನಾನು ತಿದ್ದಿಲ್ಲ, ಧೈರ್ಯ ಸಾಲದು. ಆ ಭಾನುವಾರ ಅವರು ಏನನ್ನೂ ಕೇಳಿರಲಿಲ್ಲ. "ಇವತ್ತಿನ ನೀರಿನ ಪಾಲು ಮುಗೀತು ಕಣೇ, ಸಾರು ಬೇಡ" ಎಂದು ತಟ್ಟೆಗೆ ಕೈ ಅಡ್ಡ ಹಿಡಿದಿದ್ದರು. ನಾನೇ ಗದರಿ, ಕೈ ಸರಿಸಿ, ಇನ್ನೊಂದು ಸೌಟು ಹಾಕಿದೆ.