ಬಸಿಗೆ ಬಂದ ಮಳೆಗಾಲ

"ಏನಮ್ಮಾ, ಸಾಸರ್ ತುಂಬ ಟೀ ಚೆಲ್ಲಿದ್ದೀರಲ್ಲ? ಒರೆಸಿ ಕೊಡಿ!"

ಗೆಳೆಯರೇ, ಇವತ್ತು ಬೆಳಿಗ್ಗೆ ಸಿಂದಗಿ ಬಸ್ ಸ್ಟ್ಯಾಂಡ್ ಎದುರಿನ ನೀಲಕ್ಕನ ಚಹಾದಂಗಡಿಯಲ್ಲಿ ಈ ಮಾತು ಕೇಳಿ ಬೆಂಚಿನ ಮೇಲಿದ್ದ ನಾವೆಲ್ಲ ಕುಡಿಯುವುದನ್ನೇ ನಿಲ್ಲಿಸಿದೆವು. ಹೇಳಿದವರು ಆಗಷ್ಟೇ ಸುರಿಯುವ ಮಳೆಯಲ್ಲಿ ಬಸ್ಸಿಳಿದು ಬಂದ ಬೆಂಗಳೂರು ಕಡೆಯ ಸಾಹೇಬರು. ಅವರ ಸಾಸರ್ ಅಂದರೆ ನಮ್ಮ ಬಸಿ; ಪಾಪ, ಅದರ ಲೆಕ್ಕ ಅವರಿಗೇನು ಗೊತ್ತು!

ನೀಲಕ್ಕನ ಚಹಾದ ದರ ವರ್ಷ ಕಳೆದಂತೆ ಏರಿದೆಯೇ ಹೊರತು ಒಮ್ಮೆಯೂ ಇಳಿದಿಲ್ಲ. ಚಹಾಪುಡಿಯ ಕಥೆ ಹಾಗಲ್ಲ. ಬೇಸಿಗೆಯಲ್ಲಿ ತುಟ್ಟಿ, ಮಳೆ ಬಿದ್ದು ತೋಟಗಳು ಚಿಗುರಿದ ಮೇಲೆ ಅಗ್ಗ. "ಪುಡಿ ಅಗ್ಗ ಆತಲ್ಲಕ್ಕಾ, ದರ ಇಳಸು" ಎಂದು ಹಿಂದೊಮ್ಮೆ ನಾನೇ ಜಗಳ ತೆಗೆದಿದ್ದೆ. "ಈಗ ಇಳಿಸಿದ್ರ ಮತ್ತ ಏರಿಸುವಾಗ ನೀವ ಜಗಳಕ್ಕ ಬರ್ತೀರಿ. ಅಗ್ಗ ಆಗಿದ್ದು ಬಸ್ಯಾಗ ಹಾಕ್ತೇನಿ, ಸುಮ್ಮ ಕುಡೀರಿ" ಎಂದಿದ್ದಳು. ಅಂದಿನಿಂದ ಮಳೆಗಾಲದಲ್ಲಿ ಕಪ್ಪು ತುಂಬಿ ಬಸಿಗೂ ಚಹಾ ಹರಿಯುತ್ತದೆ. ಬೇಸಿಗೆಯಲ್ಲಿ ಬಸಿ ಒಣಗಿರುತ್ತದೆ. ನಮಗೆ ಪೇಟೆಯ ಧಾರಣೆ ತಿಳಿಯುವುದೇ ಹೀಗೆ.

ನೀಲಕ್ಕ ಇವತ್ತು ವಾದಿಸಲಿಲ್ಲ. "ಆತ್ರೀ" ಎಂದವಳೇ ಸಾಹೇಬರ ಬಸಿಯಲ್ಲಿದ್ದದ್ದನ್ನು ನನ್ನ ಪಕ್ಕ ಕೂತಿದ್ದ ಮೋರಟಗಿಯ ಮಲ್ಲಪ್ಪಜ್ಜನ ಬಸಿಗೆ ಸುರಿದು, ಸೆರಗಿನಿಂದಲ್ಲ, ಒಗೆದ ಬಟ್ಟೆಯಿಂದಲೇ ಒರೆಸಿ ಕೊಟ್ಟಳು.

"ಹಾಂ, ಈಗ ಸರಿ" ಎಂದರು ಸಾಹೇಬರು, ಬಹಳ ಸಮಾಧಾನದಿಂದ.

ಅಜ್ಜ ಎರಡೂ ಪಾಲಿನ ಚಹಾವನ್ನು ಸೊರ್ರನೆ ಹೀರಿ ನನ್ನ ಕಿವಿಯ ಹತ್ತಿರ ಬಾಗಿದ.

"ದೊಡ್ಡ ಮನಷ್ಯಾ ನೋಡೋ ತಮ್ಮಾ. ಇಂಥಾ ಮಳ್ಯಾಗೂ ಬ್ಯಾಸಗಿ ದರಕ್ಕ ಚಾ ಕುಡ್ಯಾಕತ್ತಾನ."