ಚೆಕ್ಕಣ್ಣನ ಹೆಬ್ಬೆರಳು

"ಹಲೋ, ಚೆಕ್, ಚೆಕ್" ಎನ್ನುತ್ತಲೇ ತಲೆ ನರೆತಿದ್ದರಿಂದ ಮೈಕಿನವನನ್ನು ಊರೆಲ್ಲ ಚೆಕ್ಕಣ್ಣ ಎಂದೇ ಕರೆಯುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಸಭೆಗಳಿಗೆ ಅವನದೇ ಮೈಕು. ಜನ ಆಡಿದ ಮಾತು ರೆಕಾರ್ಡಾಗುತ್ತಿದ್ದುದೂ ಅವನ ಪೆಟ್ಟಿಗೆಯಲ್ಲೇ. ಮೈಕಿಗೆ ಬೀಳದ ಮಾತು ಕಡತಕ್ಕೂ ಬೀಳುತ್ತಿರಲಿಲ್ಲ. ಯಾರಾದರೂ ಬಿಸಿ ಮುಟ್ಟಿಸುವ ಹಾಗೆ ಮಾತಾಡಿದರೆ ಸಭೆ ನಡೆಸುವ ಸಾಹೇಬರು ಕನ್ನಡಕ ತೆಗೆದು ಒರೆಸುತ್ತಿದ್ದರು. ಚೆಕ್ಕಣ್ಣನ ಹೆಬ್ಬೆರಳು ಗುಂಡಿ ಒತ್ತುತ್ತಿತ್ತು, ಮೈಕು ಬಂದಾಗುತ್ತಿತ್ತು. "ಛೆ, ಮತ್ತೆ ವೈರ್ ಸಡಿಲ!" ಎಂದು ಸಾಹೇಬರೇ ಮರುಗುತ್ತಿದ್ದರು. ಇದನ್ನು ಯಾರೂ ಅವನಿಗೆ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದುಕೊಂಡು ತಾನೇ ಕಲಿತಿದ್ದ.

ಅವತ್ತು ಗ್ಯಾಸ್ ಪೈಪ್‌ಲೈನಿನ ಬಗ್ಗೆ ಜನರ ಅಭಿಪ್ರಾಯ ಕೇಳುವ ಕೊನೆಯ ಸಭೆ. ಪೈಪುಗಳು ಆಗಲೇ ಊರಾಚೆ ಬಂದು ಬಿದ್ದಿದ್ದವು. ತಲೆ ಬೋಳಿಸಿದ ಮೇಲೆ ಕೂದಲು ತೆಗೆಯಲೇ ಎಂದು ಕೇಳುವ ಬಾಬತ್ತು! ವೇದಿಕೆಯ ಮೇಲೆ ಕಂಪನಿಯವನೊಬ್ಬ ನಕ್ಷೆಯ ಮೂಲೆ ಮಡಚಿ ಹಲ್ಲುಸಂದಿ ಕೆದಕುತ್ತಿದ್ದ. ಚೆಕ್ಕಣ್ಣ ಮುಖ ಸಿಂಡರಿಸಿ ಅತ್ತ ತಿರುಗಿದ.

ಮಾತಾಡಲು ಎದ್ದವಳು ಅವನ ಅಕ್ಕ. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು. ಈಗ ಮನೆಯಲ್ಲೇ ಶಿಶುವಿಹಾರ ನಡೆಸುತ್ತಿದ್ದಳು. ಮಕ್ಕಳು ಮಧ್ಯಾಹ್ನ ಮಲಗುವ ಕೋಣೆಯ ಹಿಂಗೋಡೆಯಿಂದ ಮೂರೇ ಮಾರು ದೂರದಲ್ಲಿ ಪೈಪು ಹಾಯಲಿತ್ತು. ನಕ್ಷೆಯಲ್ಲಿ ಮಾತ್ರ ಅಲ್ಲಿ ಮನೆಯೇ ಇರಲಿಲ್ಲ.

"ಸ್ವಾಮಿ, ಖಾಲಿ ಸೈಟು ಅಂತ ಬರೆದಿದೀರಲ್ಲ, ಅಳೆಯೋಕೆ ಬಂದೋರಿಗೆ ಕುಡಿಯೋಕೆ ನೀರು ಕೊಟ್ಟೋಳು ನಾನೇ. ಅವತ್ತು ಅವರು ದಾಟ್ಕೊಂಡು ಹೋಗಿದ್ದು ಯಾರನ್ನ ಗೊತ್ತಾ? ಮಲಗಿದ್ದ—"

ಸಾಹೇಬರು ಕನ್ನಡಕ ತೆಗೆದರು. ಮನಸ್ಸು ಬೇಡ ಎನ್ನುವಷ್ಟರಲ್ಲಿ ಹೆಬ್ಬೆರಳು ತನ್ನ ಕೆಲಸ ಮುಗಿಸಿತ್ತು. ಅಕ್ಕ ಮಕ್ಕಳ ಹಾಜರಿ ಪುಸ್ತಕ ಎತ್ತಿ ತೋರಿಸುತ್ತ, ಗಂಟಲು ಹರಿಯುವ ಹಾಗೆ ಕೂಗುತ್ತಲೇ ಇದ್ದಳು. ಇನ್ನೊಮ್ಮೆ ಒತ್ತಿದ್ದರೆ ಸಾಕಿತ್ತು. ಸಾಹೇಬರು ಅವನನ್ನೇ ನೋಡುತ್ತಿದ್ದರು. ಅವನು ಒತ್ತಲಿಲ್ಲ.

ಕೊನೆಗೆ ಗುಮಾಸ್ತ ಓದಿದ: "ಖಾಲಿ ಸೈಟಿನ ಬಗ್ಗೆ ಮಹಿಳೆಯೊಬ್ಬರು ಮಾತನಾಡಿದರು. ಆಕ್ಷೇಪಣೆ ದಾಖಲಾಗಿಲ್ಲ."

ಚೆಕ್ಕಣ್ಣ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿದ. ಮತ್ತೆ ಒರೆಸಿದ. ಯಾರದೋ ಎಂಜಲು ಮೆತ್ತಿಕೊಂಡ ಹಾಗೆ ಅಸಹ್ಯವಾಗುತ್ತಿತ್ತು. ಜನ ಚದುರಿದ ಮೇಲೆ ಅಕ್ಕ ಹತ್ತಿರ ಬಂದು, ಎಂದಿನಂತೆ ಪೆಟ್ಟಿಗೆಯ ಒಂದು ಹಿಡಿಗೆ ಕೈ ಹಾಕಿದಳು. ಅವಳ ದನಿ ಬಿದ್ದುಹೋಗಿತ್ತು.

"ಈ ದರಿದ್ರ ಮೈಕ್ ಬಿಸಾಕೋ ತಮ್ಮಾ. ಬೇಕಾದಾಗಲೇ ಕೈಕೊಡತ್ತೆ. ನೀನಾದ್ರೂ ಏನು ಮಾಡ್ತೀಯಾ, ಪಾಪ."

ಆ "ಪಾಪ" ಅವನಿಗೆ ತಡೆಯಲಾಗಲಿಲ್ಲ.

"ಮೈಕ್ ಚೆನ್ನಾಗೇ ಇದೆ, ಅಕ್ಕಾ."

ಅಕ್ಕ ಅವನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ತನ್ನ ಕಡೆಯ ಹಿಡಿಯನ್ನು ಮೆಲ್ಲಗೆ ಬಿಟ್ಟು, ಹಾಜರಿ ಪುಸ್ತಕ ಎತ್ತಿಕೊಂಡು ಹೊರಟುಹೋದಳು.